ಧ್ರುವದಲ್ಲಿ ಚುಕ್ಕೆ ಕಂಡ ಮಾತ್ರಕ್ಕೆ ಪ್ರೋಟೀನು ಅಲ್ಲಿಯದೇ ಎನ್ನಬಹುದೇ?

ಅಗರ್‌ತಟ್ಟೆ:

ಇ. ಕೋಲೈನ ಒಂದು ಪ್ರೋಟೀನು, ಸುಮಾರು 30 ಕಿಲೋಡಾಲ್ಟನ್, ಏನು ಕೆಲಸ ಮಾಡುತ್ತದೆಂದು ಗೊತ್ತಿಲ್ಲ. ಸಿ-ತುದಿಗೆ (ಸರಪಳಿಯ ಕೊನೆಗೆ) ವೈಎಫ್‌ಪಿ ಎಂಬ ಹೊಳೆಯುವ ಟ್ಯಾಗ್ ಸೇರಿಸಿ, ಅರಾಬಿನೋಸ್ ಸಕ್ಕರೆ ಹಾಕಿದಾಗ ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಇರುವ ಪ್ಲಾಸ್ಮಿಡ್‌ನಲ್ಲಿ (ಬಿಡಿ ಡಿಎನ್ಎ ಉಂಗುರದಲ್ಲಿ) ಹಾಕಿದೆ. 0.2% ಅರಾಬಿನೋಸ್, 37 ಡಿಗ್ರಿ, ಎರಡು ಗಂಟೆ. ಬಹುಪಾಲು ಕೋಶಗಳಲ್ಲಿ ಒಂದೇ ಒಂದು ಪ್ರಖರ ಚುಕ್ಕೆ, ಅದೂ ಒಂದೇ ತುದಿಯಲ್ಲಿ, ಅಂದರೆ ಒಂದೇ ಧ್ರುವದಲ್ಲಿ. ಕೆಲವದರಲ್ಲಿ ಎರಡೂ ತುದಿಗಳಲ್ಲಿ. ಅರಾಬಿನೋಸನ್ನು 0.002%ಗೆ ಇಳಿಸಿದರೂ ಚುಕ್ಕೆಯ ಹೊಳಪು ಹೆಚ್ಚುಕಡಿಮೆ ಅಷ್ಟೇ ಇದೆ. ಹೊಳೆಯುವ ಕೋಶಗಳ ಸಂಖ್ಯೆ ಮಾತ್ರ ಕಡಿಮೆಯಾಯಿತು.

ಕೇಳಬೇಕಾದ್ದು ಎರಡು. ಬ್ಯಾಕ್ಟೀರಿಯಾದೊಳಗೆ ಪ್ರೋಟೀನಿಗೆ "ಇದು ಧ್ರುವ" ಎಂದು ಗೊತ್ತಾಗುವುದಾದರೂ ಹೇಗೆ? ಮೈಟೊಕಾಂಡ್ರಿಯಾಕ್ಕೋ ನ್ಯೂಕ್ಲಿಯಸ್ಸಿಗೋ ಕಳಿಸುವ ಸಿಗ್ನಲ್ ಸರಣಿಗಳಿವೆಯಲ್ಲ, ಅಂಥದ್ದು ಇಲ್ಲೂ ಇದೆಯೇ? ಹುಡುಕಿದರೆ ಏನೂ ಸಿಗುತ್ತಿಲ್ಲ. ಎರಡನೆಯದು, ಮೇಲಿನ ಚುಕ್ಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸೂಕ್ಷ್ಮದರ್ಶಿ:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಸದ್ಯಕ್ಕೆ ನಂಬಬೇಡಿ. ಒಂದೇ ಧ್ರುವ, ಒಂದೇ ಚುಕ್ಕೆ, ಪ್ಲಾಸ್ಮಿಡ್‌ನಿಂದ ಭರ್ತಿ ಉತ್ಪಾದನೆ, 37 ಡಿಗ್ರಿ. ಸರಿಯಾಗಿ ಮಡಚಿಕೊಳ್ಳದ ಪ್ರೋಟೀನು ಗಡ್ಡೆಕಟ್ಟಿದಾಗಲೂ ಕಾಣುವುದು ಇದೇ ಚಿತ್ರ.

ಕಾರಣ ಹೀಗಿದೆ. ಇ. ಕೋಲೈ ಕೋಶದ ನಡುಭಾಗವನ್ನು ನ್ಯೂಕ್ಲಿಯಾಯ್ಡ್, ಅಂದರೆ ಒತ್ತಾಗಿ ಸುತ್ತಿಕೊಂಡ ಡಿಎನ್ಎ, ತುಂಬಿಕೊಂಡಿರುತ್ತದೆ. ಬಿಡಿ ಪ್ರೋಟೀನುಗಳು ಅದರ ಸಂದುಗಳಲ್ಲಿ ಸಲೀಸಾಗಿ ನುಸುಳುತ್ತವೆ. ಹತ್ತಾರು ನ್ಯಾನೋಮೀಟರ್ ದಾಟಿದ ಗಡ್ಡೆಗೆ ಅಲ್ಲಿ ಜಾಗವಿಲ್ಲ. ಅದಕ್ಕೆ ಉಳಿಯುವುದು ಡಿಎನ್ಎ ಇಲ್ಲದ ಕಡೆ ಮಾತ್ರ: ಎರಡು ಧ್ರುವಗಳು, ಮತ್ತು ಎರಡು ನ್ಯೂಕ್ಲಿಯಾಯ್ಡ್‌ಗಳು ಬೇರೆಯಾದ ಮೇಲೆ ಅವುಗಳ ನಡುವಿನ ತೆರಪು. ನಡುವೆ ಸಿಕ್ಕಿದ ಗಡ್ಡೆ ಕೋಶ ಒಡೆದಾಗ ಒಂದು ಮರಿಕೋಶದ ಹೊಸ ಧ್ರುವದಲ್ಲಿರುತ್ತದೆ. ಇನ್ನೊಂದು ವಿಭಜನೆ ಆದರೆ ಅದೇ ಧ್ರುವ ಹಳೆಯ ಧ್ರುವವಾಗುತ್ತದೆ. ಗಡ್ಡೆ ಕದಲಿರುವುದಿಲ್ಲ. ಗಡ್ಡೆಗಳಿಗೆ ಅಂಟುವ ಸಣ್ಣ ಶಾಖಾಘಾತ ಪ್ರೋಟೀನು ಇಬ್‌ಪಿಎಗೆ ವೈಎಫ್‌ಪಿ ಜೋಡಿಸಿ, ತಲೆಮಾರಿನಿಂದ ತಲೆಮಾರಿಗೆ ಕೋಶಗಳನ್ನು ಹಿಂಬಾಲಿಸಿ 2008ರಲ್ಲಿ ತೋರಿಸಿದ್ದು ಇದನ್ನೇ: ಗಡ್ಡೆಗಳು ಹಳೆಯ ಧ್ರುವದಲ್ಲಿ ಕೂಡಿಕೊಳ್ಳುತ್ತವೆ, ಅದನ್ನು ಪಡೆದ ಕೋಶ ನಿಧಾನವಾಗಿ ಬೆಳೆಯುತ್ತದೆ.

ಇನ್ನು ಮೊದಲ ಪ್ರಶ್ನೆ. ಧ್ರುವಕ್ಕೆಂದೇ ಮೀಸಲಾದ, ಎಲ್ಲ ಪ್ರೋಟೀನುಗಳಿಗೂ ಸಾಮಾನ್ಯವಾದ ಸಿಗ್ನಲ್ ಸರಣಿ ಇಲ್ಲ. ಇರಬೇಕಾದ ಅಗತ್ಯವೂ ಕಡಿಮೆ. ಇ. ಕೋಲೈನೊಳಗೆ ಬಿಡಿ ಜಿಎಫ್‌ಪಿಯ (ವೈಎಫ್‌ಪಿಯಂಥದ್ದೇ ಹಸಿರು ಹೊಳಪಿನ ಪ್ರೋಟೀನು) ಪ್ರಸರಣ ಗುಣಾಂಕ ಸೆಕೆಂಡಿಗೆ ಸುಮಾರು 7ರಿಂದ 8 ಚದರ ಮೈಕ್ರೋಮೀಟರ್. 3 ಮೈಕ್ರೋಮೀಟರ್ ಉದ್ದದ ಕೋಶವನ್ನು ಅದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ತುದಿಯಿಂದ ತುದಿಗೆ ಅಲೆದು ಮುಗಿಸುತ್ತದೆ. ಪೊರೆಯಲ್ಲಿ ಹೂತ ಪ್ರೋಟೀನು ನೂರು ಪಟ್ಟು ನಿಧಾನ ಎಂದರೂ ಒಂದು ನಿಮಿಷದ ಮಾತು. ಹಾಗಾಗಿ ಪ್ರೋಟೀನನ್ನು ಧ್ರುವಕ್ಕೆ ಯಾರೂ ಒಯ್ಯಬೇಕಾಗಿಲ್ಲ. ಅದು ಎಲ್ಲ ಕಡೆಗೂ ಹೋಗುತ್ತಲೇ ಇರುತ್ತದೆ. ಹಿಡಿದುಕೊಳ್ಳುವ ಯಾವುದೋ ಒಂದು ಧ್ರುವದಲ್ಲಿದ್ದರೆ ಅಲ್ಲೇ ನಿಲ್ಲುತ್ತದೆ. ನೀವು ಹುಡುಕಬೇಕಾದ್ದು ಆ ಹಿಡಿತವನ್ನು. ಅದು ಪೊರೆಯ ಬಾಗಿರಬಹುದು, ಲಿಪಿಡ್ ಇರಬಹುದು, ಮೊದಲೇ ಅಲ್ಲಿ ಕೂತ ಇನ್ನೊಂದು ಪ್ರೋಟೀನಿರಬಹುದು. ಅಥವಾ ಹಿಡಿತವೇ ಇಲ್ಲದೆ ಬರೀ ಡಿಎನ್ಎಯ ತಳ್ಳಾಟವೂ ಇರಬಹುದು.

ಇವುಗಳಲ್ಲಿ ಕೊನೆಯದನ್ನು ಬೇರ್ಪಡಿಸಲು ಅಗ್ಗದ, ಗಟ್ಟಿಯಾದ ಪರೀಕ್ಷೆ ಸೆಫಲೆಕ್ಸಿನ್ ಎಂಬ ಆಂಟಿಬಯಾಟಿಕ್. ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಹಾಕಿ. ಅದು ವಿಭಜನೆಗೆ ಬೇಕಾದ ಎಫ್‌ಟಿಎಸ್‌ಐ ಎಂಬ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಬೆಳವಣಿಗೆ, ಡಿಎನ್ಎ ನಕಲು ಎರಡೂ ಮುಂದುವರಿಯುತ್ತವೆ. ಎರಡು ಮೂರು ವಿಭಜನೆಗಳಷ್ಟು ಹೊತ್ತು ಬಿಟ್ಟರೆ ಅಡ್ಡಗೋಡೆ ಇಲ್ಲದ ಉದ್ದನೆಯ ಎಳೆಗಳು ಸಿಗುತ್ತವೆ, ಒಳಗೆ ಸಾಲಾಗಿ ನ್ಯೂಕ್ಲಿಯಾಯ್ಡ್‌ಗಳು. ಪ್ರೋಟೀನನ್ನು ಎಳೆ ಉದ್ದವಾದ ಮೇಲೆಯೇ ಇಂಡ್ಯೂಸ್ ಮಾಡಿ, ಅಂದರೆ ಅರಾಬಿನೋಸ್ ಹಾಕಿ ಉತ್ಪಾದನೆ ಶುರುಮಾಡಿ. ಮೊದಲೇ ಮಾಡಿದರೆ ಹಳೆಯ ಚುಕ್ಕೆಗಳು ತುದಿಯಲ್ಲೇ ಉಳಿದು ದಾರಿ ತಪ್ಪಿಸುತ್ತವೆ. ಡಿಎನ್ಎಗೆ ಹತ್ತುವ ಡಿಎಪಿಐ ಬಣ್ಣ ಹಾಕಿ ನೋಡಿ. ಚುಕ್ಕೆಗಳು ನ್ಯೂಕ್ಲಿಯಾಯ್ಡ್‌ಗಳ ನಡುವಿನ ತೆರಪುಗಳಲ್ಲೆಲ್ಲ ಕಂಡರೆ ಅದು ತಳ್ಳಾಟ. ಎಳೆಯ ಎರಡು ತುದಿಗಳಲ್ಲಿ ಮಾತ್ರ ಕಂಡು, ನಡುವೆ ಇಷ್ಟೊಂದು ಖಾಲಿ ಜಾಗವಿದ್ದರೂ ಅಲ್ಲಿ ಇಲ್ಲದಿದ್ದರೆ, ಧ್ರುವದಲ್ಲಿ ನಿಜವಾಗಿಯೂ ಏನೋ ಹಿಡಿಯುತ್ತಿದೆ.

ಒಂದು ಎಚ್ಚರಿಕೆ: ಕೀಮೋರಿಸೆಪ್ಟರ್ (ರಾಸಾಯನಿಕಗಳನ್ನು ಗುರುತಿಸುವ ಪೊರೆಯ ಪ್ರೋಟೀನು) ಗುಚ್ಛಗಳು ಇಂಥ ಎಳೆಗಳ ಪಕ್ಕದ ಗೋಡೆಯಲ್ಲೂ ಕಾಣಿಸಿಕೊಳ್ಳುತ್ತವೆ. ಅವು ಗಡ್ಡೆಗಳಲ್ಲ. ಹಾಗಾಗಿ ಪೊರೆಯ ಪ್ರೋಟೀನಾದರೆ ಈ ಒಂದೇ ಪರೀಕ್ಷೆಯ ಮೇಲೆ ತೀರ್ಪು ಕೊಡಬೇಡಿ.

ಪಿಪೆಟ್:

ಅರಾಬಿನೋಸ್ ಇಳಿಸಿದಾಗ ಆದದ್ದಕ್ಕೂ ನಿಮ್ಮ ಪ್ರೋಟೀನಿಗೂ ಸಂಬಂಧವಿಲ್ಲ, ಅದು ಪ್ರೊಮೋಟರಿನ ಸ್ವಭಾವ. ಅರಾಬಿನೋಸನ್ನು ಒಳಗೆಳೆಯುವ ಸಾಗಣೆ ಪ್ರೋಟೀನುಗಳ ಉತ್ಪಾದನೆಯೂ ಅರಾಬಿನೋಸಿನಿಂದಲೇ ಶುರುವಾಗುತ್ತದೆ. ಹೀಗಾಗಿ ಕಡಿಮೆ ಪ್ರಮಾಣದಲ್ಲಿ ಒಂದು ಕೋಶ ಒಂದೋ ಪೂರ್ತಿ ಹೊತ್ತಿಕೊಳ್ಳುತ್ತದೆ, ಇಲ್ಲವೇ ಹೊತ್ತಿಕೊಳ್ಳುವುದೇ ಇಲ್ಲ. ನೀವು ಇಳಿಸಿದ್ದು ಹೊತ್ತಿದ ಕೋಶಗಳ ಪಾಲನ್ನು. ಒಂದೊಂದು ಕೋಶದೊಳಗಿನ ಪ್ರಮಾಣ ಹಾಗೆಯೇ ಉಳಿಯಿತು. "ಕಡಿಮೆ ಮಾಡಿದರೂ ಚುಕ್ಕೆ ಇದೆ" ಎಂಬ ವಾದಕ್ಕೆ ಇಲ್ಲಿ ಆಧಾರವಿಲ್ಲ. ಅರಾ-ಇ ಸಾಗಣೆ ಜೀನನ್ನು ಸದಾ ಚಾಲೂ ಇಟ್ಟಿರುವ ತಳಿ, ಉದಾಹರಣೆಗೆ ಬಿಡಬ್ಲ್ಯು27783, ಬಳಸಿದರೆ ಪ್ರಮಾಣ ಹದವಾಗಿ ಏರಿಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ಟ್ಯಾಗನ್ನು ಕ್ರೋಮೋಸೋಮಿನಲ್ಲಿ ಜೀನಿನ ಸ್ವಂತ ಜಾಗದಲ್ಲೇ ಸೇರಿಸಿ, ಸ್ವಂತ ಪ್ರೊಮೋಟರಿನಿಂದಲೇ ಬರಲಿ.

ಮುಂದಿನದು ವೈಎಫ್‌ಪಿ. ಜೆಲ್ಲಿಮೀನಿನಿಂದ ಬಂದ ಈ ಗುಂಪಿನ ಪ್ರೋಟೀನುಗಳಿಗೆ ಜೋಡಿಯಾಗುವ ಗುಣವಿದೆ. ಅದು ದುರ್ಬಲ ಗುಣ. ವೈಎಫ್‌ಪಿಯ ಜೋಡಿ ಬಿಡಿಸಿಕೊಳ್ಳುವ ಸ್ಥಿರಾಂಕ ಸುಮಾರು 0.11 ಮಿಲಿಮೋಲಾರ್. ಇ. ಕೋಲೈನಷ್ಟು ಪುಟ್ಟ ಕೋಶದಲ್ಲಿ ಒಂದು ಅಣು ಎಂದರೆ ಸರಿಸುಮಾರು 1 ನ್ಯಾನೋಮೋಲಾರ್, ಹಾಗಾಗಿ ಒಂಟಿ ಪ್ರೋಟೀನುಗಳು ಹತ್ತಾರು ಸಾವಿರ ಇದ್ದರಷ್ಟೇ ತೊಂದರೆ ಎನಿಸಬಹುದು. ಆದರೆ ನಿಮ್ಮ ಪ್ರೋಟೀನು ತಾನೇ ಗುಂಪಾಗಿ ಇರುವಂಥದ್ದಾದರೆ ಲೆಕ್ಕ ಬೇರೆ. ಬೇರೆ ಪ್ರೋಟೀನುಗಳನ್ನು ಕತ್ತರಿಸುವ ಕ್ಲಿಪ್‌ಪಿ 14 ಉಪಘಟಕಗಳ ಉಂಗುರಜೋಡಿ. ಪ್ರತಿಯೊಂದಕ್ಕೂ ಒಂದು ಟ್ಯಾಗ್ ಸೇರಿಸಿದರೆ ಒಂದೇ ಸಂಕೀರ್ಣದ ಮೈತುಂಬ 14 ಅಂಟುಬಿಂದುಗಳು. ಅಂಥ ಎರಡು ಸಂಕೀರ್ಣಗಳು ಒಮ್ಮೆ ತಗುಲಿಕೊಂಡರೆ ಬಿಡುವುದಿಲ್ಲ.

ಇದು ಊಹೆಯಲ್ಲ, 2012ರಲ್ಲಿ ಬಹಳ ಅಚ್ಚುಕಟ್ಟಾಗಿ ಸಾಬೀತಾದದ್ದು. ಕ್ಲಿಪ್‌ಪಿ ಮತ್ತು ಅದರ ಜತೆಗಾರ ಕ್ಲಿಪ್‌ಎಕ್ಸ್ ನಿಜವಾಗಿಯೂ ಒಂದು ಚುಕ್ಕೆಯಲ್ಲಿ ಕೂಡಿದ್ದರೆ, ಕೋಶ ಒಡೆದಾಗ ಒಂದು ಮರಿಗೆ ಎಲ್ಲವೂ, ಇನ್ನೊಂದಕ್ಕೆ ಬಹುತೇಕ ಏನೂ ಇಲ್ಲ ಎಂದಾಗಬೇಕು. ಟ್ಯಾಗ್ ಇಲ್ಲದ ಕೋಶಗಳಲ್ಲಿ, ಅವು ಕತ್ತರಿಸುವ ಬೇರೊಂದು ಪ್ರೋಟೀನು ಎಷ್ಟು ವೇಗದಲ್ಲಿ ಕರಗುತ್ತದೆಂದು ಎರಡೂ ಮರಿಗಳಲ್ಲಿ ಅಳೆದರು. ವೇಗ ಎರಡರಲ್ಲೂ ಸಮ. ಅಂದರೆ ಮೂಲ ಪ್ರೋಟೀನು ಕೋಶದ ತುಂಬ ಹರಡಿತ್ತು, ಚುಕ್ಕೆ ಕಟ್ಟಿದ್ದು ಟ್ಯಾಗ್. ಸ್ಥಳ ನಿರ್ಧರಿಸುವ ಪ್ರಯೋಗಗಳಲ್ಲಿ ಇದರಷ್ಟು ಜಾಣತನದ ವಿನ್ಯಾಸ ಅಪರೂಪ ಎಂದು ನನ್ನ ಅಭಿಪ್ರಾಯ.

ನೀವು ಮಾಡಬೇಕಾದ್ದು: 206ನೇ ಅಲನೈನ್ ಜಾಗಕ್ಕೆ ಲೈಸಿನ್ ತಂದ ಒಂಟಿ ರೂಪಕ್ಕೆ ಬದಲಿಸಿ. ಅದರ ಜೋಡಿಯಾಗುವ ಬಲ ನೂರಾರು ಪಟ್ಟು ಕಡಿಮೆ. ಸಂಬಂಧವೇ ಇಲ್ಲದ ಇನ್ನೊಂದು ಕುಲದ ಟ್ಯಾಗಿನಲ್ಲೂ, ಎನ್-ತುದಿಯಲ್ಲೂ ಮಾಡಿ ನೋಡಿ. ಟ್ಯಾಗ್ ಬದಲಾದಂತೆ ಚುಕ್ಕೆ ಮಾಯವಾದರೆ ಚುಕ್ಕೆ ಟ್ಯಾಗಿನದು.

ಅಗರ್‌ತಟ್ಟೆ:

ಇಬ್ಬರಿಗೂ ಧನ್ಯವಾದ. ಅರಾಬಿನೋಸ್ ವಿಷಯ ಹೊಳೆದೇ ಇರಲಿಲ್ಲ. ಒಂದು ಮುಖ್ಯ ಸಂಗತಿ ಬರೆಯದೆ ಬಿಟ್ಟಿದ್ದೆ: ಪ್ರೋಟೀನಿನ ಎನ್-ತುದಿಯ ಮೊದಲ 18 ಅಮೈನೋ ಆಮ್ಲಗಳು ಆಂಫಿಪಾಥಿಕ್ ಹೀಲಿಕ್ಸ್ ಎಂದು ಮುನ್ಸೂಚನೆ ಬರುತ್ತದೆ, ಒಂದು ಮಗ್ಗುಲು ಎಣ್ಣೆಯಂಥದ್ದು, ಇನ್ನೊಂದು ಮಗ್ಗುಲು ಧನಾವೇಶ. ಹಾಗಾದರೆ ಅದು ಧ್ರುವದ ಪೊರೆಯ ಬಾಗನ್ನು ಗುರುತಿಸುತ್ತಿರಬಹುದಲ್ಲವೇ? ಮತ್ತೆ, ಧ್ರುವದಲ್ಲಿ ಕಾರ್ಡಿಯೋಲಿಪಿನ್ ಎಂಬ ಲಿಪಿಡ್ ಹೆಚ್ಚು ಎಂದೂ ಓದಿದ್ದೇನೆ.

ಪೊರೆಯ_ಬಾಗು:

ಹೀಲಿಕ್ಸ್ ಇದ್ದರೆ ಪೊರೆಗೆ ಅಂಟುತ್ತದೆ ಎನ್ನಬಹುದು. ಧ್ರುವದ ಪೊರೆಗೇ ಅಂಟುತ್ತದೆ ಎನ್ನಲು ಅಷ್ಟು ಸಾಲದು. ಯಾಕೆಂದು ಲೆಕ್ಕದಲ್ಲೇ ನೋಡೋಣ.

ಧ್ರುವವನ್ನು 500 ನ್ಯಾನೋಮೀಟರ್ ತ್ರಿಜ್ಯದ ಅರ್ಧಗೋಳ ಎಂದುಕೊಳ್ಳಿ. 10 ನ್ಯಾನೋಮೀಟರ್ ಉದ್ದದ ಒಂದು ಪ್ರೋಟೀನು ಒಳಗಿನಿಂದ ಆ ಪೊರೆಗೆ ಒರಗಿದೆ. ಅಷ್ಟು ಉದ್ದದಲ್ಲಿ ಪೊರೆ ನೇರಗೆರೆಯಿಂದ ಎಷ್ಟು ತಗ್ಗುತ್ತದೆ? ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ. 100 ಭಾಗಿಸು 4000, ಅಂದರೆ 0.025 ನ್ಯಾನೋಮೀಟರ್. ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ! ಪೊರೆ ತಾನೇ ಇದಕ್ಕಿಂತ ಎಷ್ಟೋ ಹೆಚ್ಚು ಅದುರುತ್ತಿರುತ್ತದೆ. ಒಂಟಿ ಅಣುವಿಗೆ ಈ ಬಾಗು ಗೊತ್ತಾಗುವ ಸಾಧ್ಯತೆಯೇ ಇಲ್ಲ. ಅದೇ ಅಣುಗಳು ಒಂದಕ್ಕೊಂದು ಜೋಡಿಸಿಕೊಂಡು 100 ನ್ಯಾನೋಮೀಟರ್ ಅಗಲದ ಜಾಲವಾದರೆ ತಗ್ಗು 2.5 ನ್ಯಾನೋಮೀಟರ್, ಪೊರೆಯ ದಪ್ಪದ ಅರ್ಧಕ್ಕಿಂತ ಹೆಚ್ಚು. ಆಗ ಶಕ್ತಿಯಲ್ಲಿ ವ್ಯತ್ಯಾಸ ಬರುತ್ತದೆ. ಬಾಗನ್ನು ಗುರುತಿಸುವ ಪ್ರೋಟೀನುಗಳು ಗುಂಪಿನಲ್ಲಿ ಕೆಲಸ ಮಾಡುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಕೊಳವೆಯಾಕಾರದ ನಡುಭಾಗದ ಪೊರೆಯೂ ಅಡ್ಡಲಾಗಿ ನೋಡಿದರೆ ಅಷ್ಟೇ ಬಾಗಿದೆ, ಅದೇ 500 ನ್ಯಾನೋಮೀಟರ್ ತ್ರಿಜ್ಯ. ಉದ್ದಕ್ಕೆ ಮಾತ್ರ ಚಪ್ಪಟೆ. ಧ್ರುವದ ವಿಶೇಷ ಎಂದರೆ ಅದು ಎರಡೂ ದಿಕ್ಕಿಗೆ ಬಾಗಿರುವುದು. ಎಳೆಯಂಥ ಪ್ರೋಟೀನು ಕೊಳವೆಯ ಸುತ್ತ ಅಡ್ಡಲಾಗಿ ಮಲಗಿಬಿಟ್ಟರೆ ಅದಕ್ಕೆ ಧ್ರುವಕ್ಕೂ ನಡುಭಾಗಕ್ಕೂ ವ್ಯತ್ಯಾಸವೇ ಇಲ್ಲ. ಎರಡೂ ದಿಕ್ಕಿಗೆ ಹರಡುವ ಜಾಲಕ್ಕೆ ಮಾತ್ರ ವ್ಯತ್ಯಾಸ ಸಿಗುತ್ತದೆ.

ಈ ದಾರಿಯಲ್ಲಿ ಚೆನ್ನಾಗಿ ಅಧ್ಯಯನವಾದದ್ದು ಬ್ಯಾಸಿಲಸ್ ಸಬ್ಟಿಲಿಸ್ ಬ್ಯಾಕ್ಟೀರಿಯಾದ ಡಿವ್-ಫೋರ್-ಎ ಪ್ರೋಟೀನು. 164 ಅಮೈನೋ ಆಮ್ಲ, ತನ್ನಷ್ಟಕ್ಕೆ ದೊಡ್ಡ ಗುಂಪಾಗುತ್ತದೆ, ಒಳಬಾಗಿದ ಪೊರೆಗೆ ಒಲಿಯುತ್ತದೆ. 2009ರಲ್ಲಿ ಎರಡು ಗುಂಪುಗಳು ಬೇರೆಬೇರೆಯಾಗಿ ಇದನ್ನು ತೋರಿಸಿದವು. ಗಮನಿಸಿ, ಅದಕ್ಕೆ ಹೆಚ್ಚು ಇಷ್ಟ ನುಣುಪಾದ ಧ್ರುವವಲ್ಲ. ವಿಭಜನೆಯಲ್ಲಿ ಅಡ್ಡಗೋಡೆ ಪಕ್ಕದ ಗೋಡೆಯನ್ನು ಸಂಧಿಸುವ ಚೂಪು ಮೂಲೆ. ಅಲ್ಲಿ ಬಾಗಿನ ತ್ರಿಜ್ಯ ಧ್ರುವದ್ದಕ್ಕಿಂತ ಬಹಳ ಸಣ್ಣದು. ಅಡ್ಡಗೋಡೆ ಮೂಡುತ್ತಿರುವಾಗಲೇ ಅದರ ಎರಡೂ ಮಗ್ಗುಲಲ್ಲಿ ಎರಡು ಉಂಗುರಗಳಾಗಿ ಕೂತು, ವಿಭಜನೆ ಮುಗಿದ ಮೇಲೆ ಹೊಸ ಧ್ರುವದಲ್ಲಿ ಉಳಿಯುತ್ತದೆ. ಅಲ್ಲಿಂದ ಮಿನ್‌ಜೆಯನ್ನೂ, ಅದರ ಮೂಲಕ ಮಿನ್‌ಸಿ-ಮಿನ್‌ಡಿಗಳನ್ನೂ ಹಿಡಿದಿಟ್ಟು, ಅದೇ ಜಾಗದಲ್ಲಿ ಇನ್ನೊಮ್ಮೆ ವಿಭಜನೆ ಆಗದಂತೆ ತಡೆಯುತ್ತದೆ. ಇದೇ ಪ್ರೋಟೀನನ್ನು ಇ. ಕೋಲೈಗೆ ಹಾಕಿದರೂ ಧ್ರುವಕ್ಕೇ ಹೋಗುತ್ತದೆ, ಫಿಷನ್ ಯೀಸ್ಟ್‌ಗೆ ಹಾಕಿದರೂ ವಿಭಜನೆಯ ಜಾಗಕ್ಕೆ ಹೋಗುತ್ತದೆ. ಬ್ಯಾಸಿಲಸ್‌ನ ಇನ್ನಾವ ಜತೆಗಾರ ಪ್ರೋಟೀನೂ ಅದಕ್ಕೆ ಬೇಕಿಲ್ಲ ಎನ್ನಲು ಇದು ದೊಡ್ಡ ಸಾಕ್ಷಿ.

ನಿಮ್ಮ ಹೀಲಿಕ್ಸ್‌ಗೆ ಹತ್ತಿರದ ಹೋಲಿಕೆ ಮಿನ್‌ಡಿಯ ಸಿ-ತುದಿಯದು. ಅದು ಪೊರೆಗೆ ಎಲ್ಲಿ ಬೇಕಾದರೂ ಅಂಟುತ್ತದೆ. ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುವುದು ಎಟಿಪಿ ಮತ್ತು ಅದರ ಜತೆಗಾರ ಪ್ರೋಟೀನು ಮಿನ್‌ಇ. ಪರೀಕ್ಷೆ ಸುಲಭ: ಎಣ್ಣೆ ಮಗ್ಗುಲಿನ ಒಂದೆರಡು ಲ್ಯೂಸಿನ್ ಅಥವಾ ಫಿನೈಲ್‌ಅಲನೈನ್‌ಗಳನ್ನು ಗ್ಲುಟಮೇಟ್ ಮಾಡಿ. ಪ್ರೋಟೀನು ಕೋಶದ ತುಂಬ ಹರಡಿದರೆ ಪೊರೆಯ ಅಂಟು ಬೇಕೇ ಬೇಕು ಎಂದಾಯಿತು. ಚುಕ್ಕೆ ಹಾಗೆಯೇ ಉಳಿದರೆ ಹೀಲಿಕ್ಸ್‌ಗೂ ಚುಕ್ಕೆಗೂ ಸಂಬಂಧವಿಲ್ಲ. ಗಡ್ಡೆಯ ಅನುಮಾನ ಬಲವಾಗುತ್ತದೆ.

ಕಾರ್ಡಿಯೋಲಿಪಿನ್ ಬಗ್ಗೆ ಹುಷಾರು. ಧ್ರುವದಲ್ಲಿ ಅದು ಹೆಚ್ಚು ಎಂಬ ಚಿತ್ರಗಳು ಬಹುಪಾಲು ನೊನೈಲ್ ಅಕ್ರಿಡಿನ್ ಆರೆಂಜ್ ಬಣ್ಣದಿಂದ ಬಂದವು. ಆ ಬಣ್ಣ ಫಾಸ್ಫಾಟಿಡೈಲ್‌ಗ್ಲಿಸರಾಲ್‌ನಂಥ ಬೇರೆ ಋಣಾವೇಶದ ಲಿಪಿಡ್‌ಗಳಿಗೂ ಹತ್ತುತ್ತದೆ. ಬಣ್ಣದ ಚಿತ್ರದ ಜತೆ ನಿಮ್ಮ ಚುಕ್ಕೆ ಹೊಂದಿಕೊಂಡಿತು ಎಂದು ನಿಲ್ಲಿಸಬೇಡಿ. ಕಾರ್ಡಿಯೋಲಿಪಿನ್ ತಯಾರಿಸುವ ಸಿಎಲ್‌ಎಸ್‌ಎ, ಬಿ, ಸಿ ಮೂರೂ ಜೀನು ತೆಗೆದ ತಳಿಯಲ್ಲಿ ಅದು ಪತ್ತೆಯಾಗುವಷ್ಟು ಇರುವುದಿಲ್ಲ. ಆ ತಳಿಯಲ್ಲಿ ನಿಮ್ಮ ಪ್ರೋಟೀನು ಏನು ಮಾಡುತ್ತದೆ ನೋಡಿ.

ಕಾಲೋ_ಕಾಂಡ:

ಸೂಕ್ಷ್ಮದರ್ಶಿಯವರ ಮಾತಿಗೆ ಒಂದು ತಿದ್ದುಪಡಿ. ಡಿಎನ್ಎ ತಳ್ಳಿದ್ದರಿಂದ ಧ್ರುವ ಸೇರಿತು ಎಂದ ಕೂಡಲೇ ಅದು ಸುಳ್ಳು ಚುಕ್ಕೆ ಎಂದಾಗುವುದಿಲ್ಲ. ಬ್ಯಾಕ್ಟೀರಿಯಾ ಆ ತಳ್ಳಾಟವನ್ನೇ ಬಳಸಿಕೊಳ್ಳುವುದೂ ಉಂಟು.

ಕಾಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಪಾಪ್‌ಝೆಡ್ ನೋಡಿ. 2008ರಲ್ಲಿ ಎರಡು ಗುಂಪುಗಳು ಒಟ್ಟೊಟ್ಟಿಗೆ ವರದಿ ಮಾಡಿದ್ದು. 177 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು: ಸಿ-ತುದಿಯಿಂದ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ನಡುವೆ ಪ್ರೋಲಿನ್ ತುಂಬಿದ ಸಡಿಲ ಭಾಗ, ಎನ್-ತುದಿಯಿಂದ ಬೇರೆ ಪ್ರೋಟೀನುಗಳನ್ನು ಹಿಡಿಯುತ್ತದೆ. ಹೆಣೆದ ಜಾಲದೊಳಗೆ ರೈಬೋಸೋಮ್‌ಗಳು ಬರುವಂತಿಲ್ಲ, ಡಿಎನ್ಎಯ ದೊಡ್ಡ ಮುದ್ದೆಯೂ ಬರುವಂತಿಲ್ಲ. ಸಣ್ಣ ಪ್ರೋಟೀನುಗಳು ಬಂದು ಹೋಗುತ್ತವೆ. ಇದನ್ನು ಇ. ಕೋಲೈಗೆ ಹಾಕಿದರೆ ಸಾಮಾನ್ಯವಾಗಿ ಒಂದೇ ಧ್ರುವದಲ್ಲಿ, ಡಿಎನ್ಎ ಇಲ್ಲದ ಜಾಗದಲ್ಲಿ ಕೂಡುತ್ತದೆ. ನಿಮ್ಮ ಚಿತ್ರದಂತೆಯೇ! ಆದರೆ ಸ್ವಂತ ಕೋಶದಲ್ಲಿ ಅದಕ್ಕೆ ನಿಖರವಾದ ಕೆಲಸವಿದೆ. ಹಳೆಯ ಧ್ರುವದಲ್ಲಿದ್ದು, ಡಿಎನ್ಎಗೆ ಅಂಟುವ ಪಾರ್‌ಬಿ ಪ್ರೋಟೀನಿನ ಮೂಲಕ ಕ್ರೋಮೋಸೋಮಿನ ನಕಲು ಶುರುವಾಗುವ ಕಡೆಯನ್ನು ಕಟ್ಟಿಹಾಕುತ್ತದೆ. ನಕಲು ಶುರುವಾಗಿ ಎರಡನೇ ಪ್ರತಿ ಆಚೆ ಬದಿಗೆ ಸಾಗಿದಾಗ ಹೊಸ ಧ್ರುವದಲ್ಲೂ ಪಾಪ್‌ಝೆಡ್ ಕೂಡುತ್ತದೆ, ಅದನ್ನೂ ಕಟ್ಟುತ್ತದೆ. ಪಾಪ್‌ಝೆಡ್ ತೆಗೆದರೆ ಪಾರ್‌ಬಿ ಧ್ರುವದಲ್ಲಿ ನಿಲ್ಲುವುದಿಲ್ಲ, ಕೋಶಗಳು ಎಳೆಯಾಗುತ್ತವೆ.

ಅದಕ್ಕೇ ಗಡ್ಡೆಗೂ ಇಂಥ ಜಾಲಕ್ಕೂ ವ್ಯತ್ಯಾಸ ತಿಳಿಯಲು ಜಾಗ ನೋಡಿದರೆ ಸಾಲದು. ಅದು ಯಾರನ್ನು ಹಿಡಿಯುತ್ತದೆ, ಅದನ್ನು ತೆಗೆದರೆ ಯಾರು ಜಾಗ ಬಿಡುತ್ತಾರೆ, ಇವೆರಡನ್ನು ಕೇಳಬೇಕು. ಚುಕ್ಕೆಯನ್ನು ಲೇಸರಿನಿಂದ ಮಸುಕು ಮಾಡಿ ಒಂದೆರಡು ನಿಮಿಷ ನೋಡುವುದೂ ಸಹಾಯಕ. ಹೊರಗಿನಿಂದ ಹೊಸ ಅಣುಗಳು ಬಂದು ಹೊಳಪು ಮರಳಿದರೆ ಅದು ಸತ್ತ ಗಡ್ಡೆಯಲ್ಲ. ಮರಳದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ, ಬಿಗಿಯಾಗಿ ಹೆಣೆದ ನಿಜವಾದ ಜಾಲಗಳೂ ಹಾಗೇ ವರ್ತಿಸುತ್ತವೆ.

ಹಳೆಯ ಧ್ರುವ, ಹೊಸ ಧ್ರುವ ಎಂದು ಗುರುತಿಸುವ ಪ್ರೋಟೀನುಗಳೂ ಇವೆ. ಕಾಲೋಬ್ಯಾಕ್ಟರ್‌ನ ಟಿಪ್‌ಎನ್ ವಿಭಜನೆಯ ಜಾಗಕ್ಕೆ ಬಂದು, ಎರಡೂ ಮರಿಗಳ ಹೊಸ ಧ್ರುವದಲ್ಲಿ ಗುರುತಾಗಿ ಉಳಿಯುತ್ತದೆ. ವಿಬ್ರಿಯೋ ಕಾಲರೆಯಲ್ಲಿ ಹಬ್‌ಪಿ ಎಂಬ ಪೊರೆಯ ಪ್ರೋಟೀನು ಕ್ರೋಮೋಸೋಮು, ಫ್ಲ್ಯಾಜೆಲ್ಲಮ್, ಕೀಮೋಟ್ಯಾಕ್ಸಿಸ್ ಮೂರರ ಪ್ರೋಟೀನುಗಳನ್ನೂ ಧ್ರುವದಲ್ಲಿ ಹಿಡಿಯುತ್ತದೆ. ಅದು ತಾನು ಧ್ರುವ ಸೇರಲು ಕೋಶಗೋಡೆಯತ್ತ ಚಾಚಿದ ಅದರ ಲೈಸ್‌ಎಮ್ ಭಾಗ ಬೇಕು. ನಿಮ್ಮ ಪ್ರೋಟೀನಿಗೂ ಇಂಥ ಯಜಮಾನ ಇರಬಹುದು. ಇದ್ದರೆ ಒಂದು ಸುಳಿವು: ನಿಮ್ಮದನ್ನು ಅತಿಯಾಗಿ ಉತ್ಪಾದಿಸಿದಾಗ ಹಿಡಿತದ ಜಾಗಗಳು ಭರ್ತಿಯಾಗಿ ಉಳಿದದ್ದು ಕೋಶದ ತುಂಬ ಹರಡುತ್ತದೆ. ಗಡ್ಡೆಯಾದರೆ ಉಲ್ಟಾ, ಹೆಚ್ಚು ಉತ್ಪಾದಿಸಿದಷ್ಟೂ ಚುಕ್ಕೆಯೇ ದಪ್ಪವಾಗುತ್ತದೆ.

ಸೂಕ್ಷ್ಮದರ್ಶಿ:

ತಿದ್ದುಪಡಿ ಒಪ್ಪಿದೆ. ಆ ಕೊನೆಯ ಪರೀಕ್ಷೆ ಪಿಪೆಟ್ ಹೇಳಿದ ತಳಿಯಲ್ಲೇ ಮಾಡಬೇಕು, ಈಗಿನದರಲ್ಲಿ ಅರ್ಥವಿಲ್ಲ.

ಸೂಕ್ಷ್ಮದರ್ಶಕದ ಕಡೆಯಿಂದ ಇನ್ನಷ್ಟು. ಕೋಶಗಳನ್ನು ಪಾಲಿಲೈಸಿನ್ ಹಚ್ಚಿದ ಗಾಜಿಗೆ ಅಂಟಿಸುತ್ತಿದ್ದರೆ ಬಿಡಿ. ಅದು ಪೊರೆಯ ವಿದ್ಯುತ್ ವಿಭವವನ್ನು ಕೆಡಿಸಬಲ್ಲದು. ವಿಭವ ಕುಸಿದರೆ ಮಿನ್‌ಡಿ, ಎಫ್‌ಟಿಎಸ್‌ಎಯಂಥ ಪೊರೆಗೆ ಮೆತ್ತಗೆ ಅಂಟುವ ಪ್ರೋಟೀನುಗಳು ಜಾಗ ಬಿಡುತ್ತವೆ ಎಂದು 2010ರಲ್ಲೇ ತೋರಿಸಿದ್ದಾರೆ. ಆಂಫಿಪಾಥಿಕ್ ಹೀಲಿಕ್ಸ್ ಇರುವ ನಿಮ್ಮ ಪ್ರೋಟೀನಿಗೆ ಇದು ನೇರವಾಗಿ ಅನ್ವಯ. ಎಂ9 ಮಾಧ್ಯಮದಲ್ಲಿ 1ರಿಂದ 1.5% ಅಗರೋಸ್ ಕರಗಿಸಿ ಮಾಡಿದ ತೆಳು ಪದರದ ಮೇಲೆ ಕೋಶಗಳನ್ನಿಡಿ. ಎಲ್‌ಬಿಯಲ್ಲಿ ಪದರ ಮಾಡಿದರೆ ಮಾಧ್ಯಮವೇ ಮಿನುಗಿ ಹಿನ್ನೆಲೆ ಏರುತ್ತದೆ. ಕವರ್‌ಸ್ಲಿಪ್ ಹಾಕಿ ಬಹಳ ಹೊತ್ತು ಬಿಡಬೇಡಿ. ದಟ್ಟ ಕೋಶಗಳಿದ್ದರೆ ಆಮ್ಲಜನಕ ಬೇಗ ಮುಗಿಯುತ್ತದೆ. ಪೊರೆಯ ವಿಭವವೂ ಕುಸಿಯುತ್ತದೆ, ಹೊಸ ಟ್ಯಾಗ್‌ಗಳು ಬಣ್ಣಕ್ಕೆ ತಿರುಗುವುದೂ ನಿಲ್ಲುತ್ತದೆ.

ಪೊರೆಯ ತುಂಬ ಸಮವಾಗಿ ಹರಡಿದ ಪ್ರೋಟೀನೂ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಧ್ರುವದಲ್ಲಿ ಹೆಚ್ಚು ಹೊಳೆದಂತೆ ಕಾಣಬಹುದು. ಅಲ್ಲಿ ಪೊರೆ ನಮ್ಮ ದೃಷ್ಟಿಗೆ ಹೆಚ್ಚು ಕಡಿದಾಗಿ ನಿಂತಿರುತ್ತದೆ, ಒಂದೇ ಪಿಕ್ಸೆಲ್ಲಿನಲ್ಲಿ ಹೆಚ್ಚು ಪೊರೆ ಸೇರುತ್ತದೆ. ಪೊರೆಗೆ ಹತ್ತುವ ಎಫ್‌ಎಂ4-64 ಬಣ್ಣ ಹಾಕಿ, ನಿಮ್ಮ ಹೊಳಪನ್ನು ಅದರ ಹೊಳಪಿನಿಂದ ಭಾಗಿಸಿ. ಅನುಪಾತದಲ್ಲೂ ಧ್ರುವ ಎದ್ದು ಕಂಡರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದೇ ಫೋಟೋ ತೆಗೆದು ಬಿಡಬೇಡಿ. ಇ. ಕೋಲೈನ ಮಿನ್‌ಡಿ ಒಂದು ಧ್ರುವದಿಂದ ಇನ್ನೊಂದಕ್ಕೆ ಒಂದು ನಿಮಿಷದ ಆಸುಪಾಸಿನ ಸುತ್ತಿನಲ್ಲಿ ಓಲಾಡುತ್ತದೆ ಎಂದು 1999ರಲ್ಲಿ ಗೊತ್ತಾದದ್ದು ಬದುಕಿರುವ ಕೋಶವನ್ನು ಸಾಲಾಗಿ ಫೋಟೋ ತೆಗೆದದ್ದರಿಂದ. ಒಂದೇ ಫೋಟೋದಲ್ಲಿ ಅದೂ "ಒಂದು ಧ್ರುವದ ಪ್ರೋಟೀನು"! 5 ಸೆಕೆಂಡಿಗೊಂದರಂತೆ ಮೂರು ನಿಮಿಷ ತೆಗೆಯಿರಿ, ಸಾಕು.

ಅಗರ್‌ತಟ್ಟೆ:

ಮೊದಲು ಟ್ಯಾಗ್ ಬದಲಿಸಿ ಕ್ರೋಮೋಸೋಮಿಗೆ ಸೇರಿಸುತ್ತೇನೆ, ಆಮೇಲೆ ಸೆಫಲೆಕ್ಸಿನ್, ನಂತರ ಹೀಲಿಕ್ಸಿನ ಮ್ಯುಟೇಶನ್. ಕ್ರಮ ಸರಿಯಿದೆಯೇ?

ಪಿಪೆಟ್:

ಸರಿಯಿದೆ. ಅದಕ್ಕೂ ಮೊದಲು, ಈಗಿರುವ ತಳಿಯಲ್ಲೇ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ) ಮಾಡಿಬಿಡಿ. ಒಂದೇ ದಿನದ ಕೆಲಸ. ಕೋಶ ಒಡೆದ ದ್ರವವನ್ನು ಮೊದಲು ನಿಧಾನವಾಗಿ ತಿರುಗಿಸಿ ಒಡೆಯದ ಕೋಶಗಳನ್ನು ತೆಗೆಯಿರಿ, ನಂತರ 15,000 ಜಿ ವೇಗದಲ್ಲಿ 20 ನಿಮಿಷ ತಿರುಗಿಸಿ, ತಿಳಿಯನ್ನೂ ತಳವನ್ನೂ ಬೇರೆಬೇರೆಯಾಗಿ ಹಾಕಿ, ಜಿಎಫ್‌ಪಿ ಪ್ರತಿಕಾಯದಿಂದ ನೋಡಿ. ಜೋಡಿಸಿದ ಪ್ರೋಟೀನು 57 ಕಿಲೋಡಾಲ್ಟನ್ ಹತ್ತಿರ ಬರಬೇಕು. 27ರಲ್ಲಿ ಗೆರೆ ಇದ್ದರೆ ಟ್ಯಾಗ್ ಕಡಿದುಹೋಗುತ್ತಿದೆ, ಕೋಶದ ತುಂಬ ಕಾಣುವ ಮಂದ ಹೊಳಪು ಅದರದೇ. 57ರದ್ದು ಬಹುತೇಕ ತಳದಲ್ಲಿದ್ದರೆ ಪೊರೆಯನ್ನು ಕರಗಿಸುವ 1% ಟ್ರೈಟಾನ್ ಎಕ್ಸ್-100 ಹಾಕಿ ಮತ್ತೆ ತಿರುಗಿಸಿ: ಪೊರೆಗೆ ಅಂಟಿದ್ದು ಬಹುಮಟ್ಟಿಗೆ ತಿಳಿಗೆ ಬರುತ್ತದೆ, ಗಡ್ಡೆಯಾದದ್ದು ತಳದಲ್ಲೇ ಕೂರುತ್ತದೆ. ಅದು ಗಡ್ಡೆ ಎಂದು ಗೊತ್ತಾದರೆ 25 ಡಿಗ್ರಿಯಲ್ಲಿ ಬೆಳೆಸಿ ಇನ್ನೊಮ್ಮೆ ನೋಡಿ, ಆಮೇಲೆ ಕ್ಲೋನಿಂಗ್‌ಗೆ ಕೈಹಾಕಿ.